ಸಾಹೇಬನ ಬಾಯಿ, ಶೆಟ್ಟೆಪ್ಪನ ಗಂಟಲು

ಶೆಟ್ಟೆಪ್ಪನಿಗೆ ಇಂಗ್ಲಿಷ್ ಬರುತ್ತಿತ್ತು. ನಂಬಿದರೆ ನಂಬಿ, ಬಿಟ್ಟರೆ ಬಿಡಿ. ತನ್ನ ಹೆಸರು ಬರೆಯಲು ಬಾರದೆ ಹೆಬ್ಬೆಟ್ಟು ಒತ್ತುತ್ತಿದ್ದ ಆಸಾಮಿಗೆ ಕುಡಿಯಲು ನೀರು ಕೊಡಿ ಎನ್ನುವಷ್ಟು ಇಂಗ್ಲಿಷ್ ಗೊತ್ತಿರಲಿಲ್ಲ. ಹಸಿವಾಗಿದೆ ಎನ್ನುವಷ್ಟೂ ಇರಲಿಲ್ಲ. ನಿಲ್ಲು, ಸಾಕು, ಕೂತುಕೋ ಎಂಬ ಮಾತುಗಳಂತೂ ಆ ಭಾಷೆಯಲ್ಲಿ ಅವನ ಕಿವಿಗೇ ಬಿದ್ದಿರಲಿಲ್ಲ. ಗೊತ್ತಿದ್ದದ್ದು ಒಂದೇ: ಬೇಗ. ಬೇಗ ಎಂಬುದನ್ನು ಇಂಗ್ಲಿಷಿನಲ್ಲಿ ಎಷ್ಟು ಬಗೆಯಲ್ಲಿ ಬೊಗಳಬಹುದೋ ಅಷ್ಟೂ ಬಗೆ ಅವನ ನಾಲಿಗೆಯ ತುದಿಯಲ್ಲಿತ್ತು. ಕ್ವಿಕ್. ಹರಿ ಅಪ್. ಅಟ್ ಒನ್ಸ್. ಲುಕ್ ಶಾರ್ಪ್. ಚಾಪ್ ಚಾಪ್. ಮೇಕ್ ಇಟ್ ಸ್ನ್ಯಾಪಿ. ಇಷ್ಟರಿಂದಲೇ ಅವನು ಮುಂಬಯಿಯಲ್ಲಿ ಮೇಲೆ ಬಂದ. ಇಷ್ಟರಿಂದಲೇ ಕೆಟ್ಟ.

ಊರು ಸಿಂದಗಿ ಕಡೆಯ ಒಂದು ಹಳ್ಳಿ. ಮನೆತನದ ಕೆಲಸ ಬಾವಿ ತೋಡುವುದು. ಅಪ್ಪ ಅವ್ವ ಒಂದೇ ವರ್ಷದಲ್ಲಿ ಹೋದಾಗ ಶೆಟ್ಟೆಪ್ಪ ಮೂಗು ಒರೆಸಿಕೊಳ್ಳಲು ಬಾರದ ಕೂಸು. ಅಣ್ಣ ಸಾಯಬಣ್ಣನೇ ಅವನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದ. ಸಾಯಬಣ್ಣನ ಹೆಂಡತಿ ಬಸಲಿಂಗವ್ವ ಆ ಮನೆ ಹೊಕ್ಕಾಗ ಅವಳ ಮಡಿಲಿಗೆ ಬಿದ್ದ ಮೊದಲ ಮಗು ಈ ಮೈದುನನೇ. ಆಮೇಲೆ ಅವಳಿಗೆ ಸ್ವಂತದ್ದು ಆಗಲೇ ಇಲ್ಲ, ಹಾಗಾಗಿ ಕೊನೆಯ ಮಗುವೂ ಅವನೇ ಆದ. ಅರವತ್ತಾರನೇ ಇಸವಿಯಲ್ಲಿ ಮೂವರೂ ಮುಂಬಯಿಗೆ ಬಂದು ಆಂಟಾಪ್ ಹಿಲ್ಲಿನ ಬುಡದಲ್ಲಿ ತಗಡಿನ ಗುಡಿಸಲು ಹಾಕಿದರು. ಊರಲ್ಲಿ ನೆಲದೊಳಗೆ ಇಳಿದು ಮಣ್ಣು ಮೇಲಕ್ಕೆ ಕಳಿಸುತ್ತಿದ್ದವರು ಇಲ್ಲಿ ಬಿಲ್ಡಿಂಗುಗಳ ಮೇಲೆ ಹತ್ತಿ ಕಾಂಕ್ರೀಟು ಕಳಿಸತೊಡಗಿದರು. ವಡಾಲದಲ್ಲಿ ಲೋಕಲ್ ಹತ್ತಿ ಬಾಂದ್ರಾದಲ್ಲಿ ಇಳಿದು ಸಮುದ್ರದ ಕಡೆಗೆ ನಡೆದರೆ ಅವರ ಕೆಲಸದ ಜಾಗ.

ಸ್ಲ್ಯಾಬ್ ಹಾಕುವ ದಿನ ಎಂದರೆ ಆ ಮಂದಿಗೆ ಹಬ್ಬವೂ ಹೌದು, ಹೆಣ ಬೀಳುವಷ್ಟು ದುಡಿತವೂ ಹೌದು. ಬೆಳಿಗ್ಗೆ ಮಿಕ್ಸರಿನ ಮುಂದೆ ತೆಂಗಿನಕಾಯಿ ಒಡೆಯುತ್ತಾರೆ. ನೆಲದಿಂದ ಹಿಡಿದು ತುದಿಯ ಮಾಳಿಗೆಯವರೆಗೆ ಬಿದಿರಿನ ಅಟ್ಟಣಿಗೆ ಕಟ್ಟಿರುತ್ತಾರೆ, ಮೆಟ್ಟಿಲಿಗೊಬ್ಬರಂತೆ ಆಳುಗಳು ನಿಲ್ಲುತ್ತಾರೆ. ಕಾಂಕ್ರೀಟು ತುಂಬಿದ ಘಮೇಲಾ, ಅಂದರೆ ಕಬ್ಬಿಣದ ಬುಟ್ಟಿ, ಕೈಯಿಂದ ಕೈಗೆ ಮೇಲೇರುತ್ತದೆ, ಖಾಲಿಯಾದದ್ದು ಕೈಯಿಂದ ಕೈಗೆ ಕೆಳಗಿಳಿಯುತ್ತದೆ. ಒಮ್ಮೆ ಶುರುವಾದ ಸ್ಲ್ಯಾಬು ಮುಗಿಯುವ ತನಕ ನಿಲ್ಲುವ ಹಾಗಿಲ್ಲ. ಮೊದಲು ಹಾಕಿದ್ದು ಒಣಗಿ ಆಮೇಲೆ ಹಾಕಿದ್ದು ಅದಕ್ಕೆ ಕೂಡದಿದ್ದರೆ ಮಳೆಗಾಲದಲ್ಲಿ ಸರಿಯಾಗಿ ಅಲ್ಲೇ ಸೋರುತ್ತದೆ. ಅದಕ್ಕಾಗಿ ಸಾಲಿಗೆ ಒಬ್ಬ ಕೂಗುವವ ಬೇಕು. ಅವನ ಕೂಗಿಗೆ ತಕ್ಕಂತೆ ಸಾಲಿನ ಕೈಗಳು ಆಡುತ್ತವೆ.

ಕೂಗುವ ಕೆಲಸ ಮುಕಾದಮ ಪರಪ್ಪನದು. ಆಳುಗಳನ್ನು ಊರಿಂದ ಕರೆತಂದು ಕೆಲಸಕ್ಕೆ ಹಚ್ಚುವವನೇ ಅವನು. ಪಾಪ, ವಯಸ್ಸಾಗಿ ಅವನ ಗಂಟಲು ಕಟ್ಟಿತು. ಒಂದು ದಿನ ದನಿ ಹೊರಡದೆ, ಹತ್ತಿರ ಸಿಕ್ಕ ಶೆಟ್ಟೆಪ್ಪನನ್ನು ಹಿಡಿದು ಕೂಗಲು ನಿಲ್ಲಿಸಿದ. ಶೆಟ್ಟೆಪ್ಪ ಊರ ಮಾತಿನಲ್ಲೇ "ಲಗೂ ಲಗೂ, ದೌಡ ಮಾಡ್ರಿ" ಎಂದು ಕೂಗಿದ. ಸಾಲಿನಲ್ಲಿದ್ದ ಮುದುಕ ಗದಿಗೆಪ್ಪ ಘಮೇಲಾವನ್ನು ಪಕ್ಕಕ್ಕಿಟ್ಟು ಸೊಂಟದ ಮೇಲೆ ಕೈಯಿಟ್ಟ.

"ಯಾರಿಗಂತಿ ಮಗನ? ನಿಮ್ಮಪ್ಪನ ಕೂಡ ಬಾವಿ ಇಳಿದಾವ ನಾ. ನನಗ ಲಗೂ ಅನ್ನಾಕ ನಿನಗ ಮೀಸಿ ಬಂದಾವೇನು?"

ಸಾಲೆಲ್ಲ ನಕ್ಕಿತು. ಹನುಮವ್ವನೆಂಬ ಹೆಣ್ಣಾಳು, ಬಾಯಿಗೆ ಬೀಗವಿಲ್ಲದವಳು, "ಕೂಸಿಗೆ ಹಾಲು ಕುಡಿಸಿ ಕಳಸ್ರಿ" ಎಂದಳು. ಶೆಟ್ಟೆಪ್ಪನಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಎನಿಸಿತು. ಸಿಟ್ಟಿನಲ್ಲಿ, ಅವಮಾನದಲ್ಲಿ, ಬಾಯಿಗೆ ಬಂದದ್ದನ್ನು ಕಿರುಚಿದ. ಬಾಯಿಗೆ ಬಂದದ್ದು ಎಂಜಿನಿಯರ್ ಸಾಹೇಬನ ಮಾತು. ಅವನು ದಿನವೂ ಮಾಳಿಗೆಯ ಮೇಲೆ ನಿಂತು ಒದರುತ್ತಿದ್ದದ್ದು.

"ಲುಕ್ ಶಾರ್ಪ್. ಕ್ವಿಕ್, ಕ್ವಿಕ್."

ಗದಿಗೆಪ್ಪ ಘಮೇಲಾ ಎತ್ತಿಕೊಂಡ. ಸಾಲು ಓಡಿತು.

ಶೆಟ್ಟೆಪ್ಪ ದಡ್ಡನಲ್ಲ. ಆಗಿದ್ದೇನು ಎಂದು ಆ ಸಂಜೆ ಲೋಕಲಿನ ಬಾಗಿಲಲ್ಲಿ ನೇತಾಡುತ್ತಲೇ ಅವನಿಗೆ ತಿಳಿದುಹೋಯಿತು. ನಮ್ಮ ಮಾತಿನಲ್ಲಿ ಬೇಗ ಎಂದರೆ ಅದರ ಬಾಲಕ್ಕೆ ಒಂದು ರೀ ಬೇಕು ಇಲ್ಲವೇ ಒಂದು ಲೇ ಬೇಕು. ಹೇಳುವವ ಯಾರು, ಹೇಳಿಸಿಕೊಳ್ಳುವವ ಯಾರು, ಯಾರಪ್ಪ ಯಾರ ಕೂಡ ಬಾವಿ ಇಳಿದಿದ್ದ, ಎಲ್ಲವನ್ನೂ ಆ ಬಾಲ ಹೇಳಿಬಿಡುತ್ತದೆ. ಸಾಹೇಬನ ಮಾತಿಗೆ ಬಾಲವೇ ಇಲ್ಲ. ಕ್ವಿಕ್ ಎಂದರೆ ಮುದುಕನಿಗೂ ಅದೇ, ಹುಡುಗನಿಗೂ ಅದೇ, ಎತ್ತಿಗೂ ಅದೇ. ಅದು ಶೆಟ್ಟೆಪ್ಪನ ಬಾಯಿಂದ ಬಂದರೂ ಶೆಟ್ಟೆಪ್ಪನ ಮಾತಲ್ಲ. ಆದ್ದರಿಂದ ಯಾರಿಗೂ ಮರ್ಯಾದೆ ಹೋಗುವುದಿಲ್ಲ, ಯಾರೂ ತಿರುಗಿ ಬೈಯುವುದಿಲ್ಲ. ಇಂಥ ಅನುಕೂಲದ ಚಾಟಿ ಅವನಿಗೆ ಬೇರೆಲ್ಲಿ ಸಿಗಬೇಕು?

ಅಂದಿನಿಂದ ಅವನು ಸಾಹೇಬನ ಬೆನ್ನು ಬಿಡಲಿಲ್ಲ. ಸಾಹೇಬ ಮಿಲಿಟರಿಯಲ್ಲಿ ಸೇತುವೆ ಕಟ್ಟಿ ರಿಟೈರಾಗಿ ಬಂದವನು, ತಲೆಯ ಮೇಲೆ ಬಿಳಿ ಹ್ಯಾಟು, ಕೈಯಲ್ಲಿ ಬೆತ್ತ. ಅವನಿಗೆ ಲೋಕವೆಲ್ಲ ಆಮೆಯಂತೆ ಕಾಣುತ್ತಿತ್ತು, ತಾನೊಬ್ಬನೇ ಮನುಷ್ಯ. ಅವನ ಯಾವ ಮಾತಿಗೆ ಎಷ್ಟು ತೂಕ ಎಂದು ಶೆಟ್ಟೆಪ್ಪ ಗಮನವಿಟ್ಟು ನೋಡಿಕೊಂಡ. ಕ್ವಿಕ್ ಎನ್ನುವಾಗ ಸಾಹೇಬನ ಕೈ ಜೇಬಿನಲ್ಲಿರುತ್ತಿತ್ತು. ಆ ಮಾತಿಗೆ ಅರ್ಧ ಬೀಡಿ ಸೇದಿ ಮುಗಿಸಿ ಏಳಬಹುದು. ಹರಿ ಅಪ್ ಎಂದರೆ ಬೀಡಿ ಎಸೆಯಬೇಕು. ಅಟ್ ಒನ್ಸ್ ಎಂದರೆ ಕೈ ಜೇಬಿನಿಂದ ಹೊರಗೆ ಬಂದಿದೆ ಎಂದೇ ಅರ್ಥ. ಇಮ್ಮೀಡಿಯಟ್ಲಿ ಎಂದು ಅವನು ಗುಮಾಸ್ತರಿಗೆ ಹೇಳುತ್ತಿದ್ದ, ಕೂಲಿಯವರಿಗೆ ಅಷ್ಟು ಉದ್ದದ್ದು ಖರ್ಚು ಮಾಡುತ್ತಿರಲಿಲ್ಲ. ಎಲ್ಲಕ್ಕೂ ಮೇಲಿನದು ಆನ್ ದ ಡಬಲ್. ಅದನ್ನು ಹೇಳುವಾಗ ಹ್ಯಾಟು ತೆಗೆಯುತ್ತಿದ್ದ, ಬೋಳುತಲೆ ಕೆಂಪಾಗಿರುತ್ತಿತ್ತು. ಆ ಮಾತು ಬಿದ್ದ ಮೇಲೆ ಉಸಿರು ತೆಗೆದುಕೊಳ್ಳುವುದೂ ಕಳ್ಳತನವೇ.

ಸಾಲಿನವರು ಈ ಮಾತುಗಳಿಗೆ ಬೇಗನೆ ಪಳಗಿದರು. ಹನುಮವ್ವ ಚಾಪ್ ಚಾಪ್ ಎಂಬುದನ್ನು ತನ್ನ ಕೋಳಿ ಕರೆಯಲು ಇಟ್ಟುಕೊಂಡಳು. ಗುಡಿಸಲಲ್ಲಿ ಬಸಲಿಂಗವ್ವ ಬಡಿಯುವ ರೊಟ್ಟಿಗೆ ಕಾಯುತ್ತ ಸಾಯಬಣ್ಣ, "ವೈನಿಗೂ ಒಂದ್ ಕ್ವಿಕ್ ಹಾಕೋ ತಮ್ಮಾ, ಹೊಟ್ಟಿ ಚುರುಗುಡತೈತಿ" ಎಂದು ತಮ್ಮನನ್ನು ಕೆಣಕುತ್ತಿದ್ದ. ಹೇಳಿ ನಗುತ್ತಿದ್ದ. ನಕ್ಕರೆ ಕೆಮ್ಮು ಬರುತ್ತಿತ್ತು. ಕೆಮ್ಮು ಬಂದರೆ ಬೇಗ ಬಿಡುತ್ತಿರಲಿಲ್ಲ. ವರ್ಷಗಟ್ಟಲೆ ಸಿಮೆಂಟಿನ ಧೂಳು ಕುಡಿದ ಎದೆ ಅದು. ಮೆಟ್ಟಿಲು ಹತ್ತಿದರೆ ಒಳಗೆ ಸೀಳಿದ ಬಿದಿರು ಊದಿದ ಹಾಗೆ ಸುಂಯ್ ಎನ್ನುತ್ತಿತ್ತು.

ಸಾಯಬಣ್ಣನಿಗೆ ಬೇಕಿದ್ದದ್ದು ದೊಡ್ಡದೇನಲ್ಲ. ಸ್ಲ್ಯಾಬು ಬಿದ್ದ ಮೇಲೆ ಅದಕ್ಕೆ ಗೋಣಿಚೀಲ ಹೊದಿಸಿ ದಿನವೂ ನೀರು ಹೊಡೆಯುವ ಕೆಲಸವೊಂದಿರುತ್ತದೆ. ಭಾರ ಎತ್ತುವುದಿಲ್ಲ, ಧೂಳಿಲ್ಲ, ಮುದುಕರಿಗೂ ಬಾಣಂತಿಯರಿಗೂ ಕೊಡುವ ಕೆಲಸ. ಅದನ್ನು ಯಾರಿಗೆ ಕೊಡಬೇಕೆಂದು ಹೇಳುವವನು ಮುಕಾದಮ. ಪರಪ್ಪ ಗಂಟಲು ಕಟ್ಟಿ ಊರಿಗೆ ಹೊರಟು ನಿಂತಿದ್ದ, ಮುಂದಿನ ಮುಕಾದಮ ಯಾರು ಎಂಬುದು ಸಾಹೇಬನ ಬಾಯಲ್ಲಿತ್ತು. ಶೆಟ್ಟೆಪ್ಪ ಅಣ್ಣನಿಗೆ ಮಾತು ಕೊಟ್ಟಿದ್ದ.

"ಸೀಟಿ ನನ್ನ ಕೊಳ್ಳಾಗ ಬೀಳ್ಲಿ ಅಣ್ಣಾ. ಮರುದಿನಾನ ನಿಮ್ಮ ಕೈಯಾಗ ನೀರಿನ ಪೈಪ ಕೊಡ್ತೀನಿ."

ಸೀಟಿ ಎಂದರೆ ಮುಕಾದಮನ ಕೊರಳಲ್ಲಿ ದಾರಕ್ಕೆ ಕಟ್ಟಿ ತೂಗುವ ಹಿತ್ತಾಳೆಯ ಪೀಪಿ. ಶೆಟ್ಟೆಪ್ಪ ನಿದ್ದೆಯಲ್ಲೂ ಅದನ್ನೇ ಕಾಣುತ್ತಿದ್ದ. ಅಣ್ಣನಿಗಾಗಿ ಎಂದು ಅವನು ಹೇಳಿಕೊಳ್ಳುತ್ತಿದ್ದ. ನಿಜ ಹೇಳಬೇಕೆಂದರೆ ಅಣ್ಣ ಅದರಲ್ಲಿ ಕಾಲುಭಾಗ, ಸೀಟಿ ಮುಕ್ಕಾಲು.

ಎಪ್ಪತ್ತರ ಮೇ ತಿಂಗಳ ಕೊನೆ. ನಾಲ್ಕನೇ ಮಾಳಿಗೆಯ ಸ್ಲ್ಯಾಬು. ಮಳೆ ಇವತ್ತೋ ನಾಳೆಯೋ ಎನ್ನುವಂತಿತ್ತು, ಸಮುದ್ರದ ಮೇಲೆ ಮೋಡ ಹೊಗೆಯಾಡುತ್ತಿತ್ತು. ಬೆಳಿಗ್ಗೆ ಸಾಹೇಬ ಶೆಟ್ಟೆಪ್ಪನನ್ನು ಕರೆದು ಹಿಂದಿಯಲ್ಲಿ ಎರಡೇ ಮಾತು ಹೇಳಿದ. ಮಳೆಗಿಂತ ಮೊದಲು ಸ್ಲ್ಯಾಬು ಮುಗಿಸಿದರೆ ಸೀಟಿ ನಿನ್ನದು. ಇನ್ನೊಂದು: ಪರಪ್ಪ ತನ್ನ ಅಳಿಯನನ್ನು ನೆರಳಿನಲ್ಲಿ ಕೂರಿಸಿ ನೀರು ಹೊಡೆಸುತ್ತಿದ್ದ, ನನಗೆ ಅಂಥ ಮುಕಾದಮ ಬೇಡ, ಮನೆಯವರನ್ನು ಮುದ್ದು ಮಾಡುವವನು ಮನೆಯಲ್ಲೇ ಇರಲಿ.

ಶೆಟ್ಟೆಪ್ಪ ಸಾಲು ನಿಲ್ಲಿಸಿದ. ಆ ಸಾಲಿನಲ್ಲಿ ಎಲ್ಲರೂ ಹೆದರುವ ಜಾಗವೊಂದಿದೆ, ಅದಕ್ಕೆ ಮೂಲೆ ಎನ್ನುತ್ತಾರೆ. ಮೂರನೇ ಮಾಳಿಗೆಯ ಹತ್ತಿರ ಅಟ್ಟಣಿಗೆ ತಿರುವು ತೆಗೆದುಕೊಳ್ಳುವಲ್ಲಿ, ಕೆಳಗಿನಿಂದ ಬಂದ ಭಾರವನ್ನು ಹಿಡಿದು, ಸೊಂಟ ತಿರುಗಿಸಿ, ತಲೆಗಿಂತ ಎತ್ತರಕ್ಕೆ ಎತ್ತಿ ಕೊಡಬೇಕು. ಗಟ್ಟಿ ಹರೆಯದವರೂ ಅಲ್ಲಿ ಮಧ್ಯಾಹ್ನದೊಳಗೆ ಬಸವಳಿಯುತ್ತಾರೆ. ಸಾಹೇಬ ನೋಡುತ್ತಿದ್ದ. ಶೆಟ್ಟೆಪ್ಪ ಬೆರಳು ಚಾಚಿ ಅಣ್ಣನನ್ನು ತೋರಿಸಿದ.

"ಮೂಲಿಗೆ ನಾನಾ?" ಎಂದ ಸಾಯಬಣ್ಣ.

"ಇವತ್ತೊಂದು ದಿವಸ ಅಣ್ಣಾ."

ಸಾಯಬಣ್ಣ ತಮ್ಮನ ಮುಖ ನೋಡಿದ, ಸಾಹೇಬನ ಹ್ಯಾಟು ನೋಡಿದ. ಎರಡನ್ನೂ ಕೂಡಿಸಿಕೊಂಡು "ಆತು" ಎಂದು ಹತ್ತತೊಡಗಿದ. ಮಿಕ್ಸರಿನ ಹತ್ತಿರ ಘಮೇಲಾ ತುಂಬುವ ಬಸಲಿಂಗವ್ವ ಸಲಿಕೆ ನೆಲಕ್ಕೂರಿ ಮೈದುನನ ಬಳಿಗೆ ಬಂದಳು.

"ನಿಮ್ಮಣ್ಣನ ಎದಿ ನಿನಗ ಗೊತ್ತಿಲ್ಲೇನು? ಅಲ್ಲಿ ನಿಂದ್ರಸೂದಂದ್ರ ಏನು?"

"ತಾಳ್ರಿ ವೈನಿ. ಸಂಜಿತನಕಾ. ನಾಳಿಂದ ನೀರಿನ ಕೆಲಸ ಅಣ್ಣಂದ."

"ನಾಳಿ ಅಂದಾವನ ಮನಿ ಹಾಳು," ಎಂದು ಅವಳು ತಿರುಗಿ ಹೋದಳು.

ಈಗ ಆ ಬಾವಿ ತೋಡುವವರ ಒಂದು ಕಟ್ಟಳೆ ಹೇಳಬೇಕು. ಬಾವಿಯ ತಳದಲ್ಲಿ ಕೆಲಸ ಮಾಡುವವನಿಗೆ ಉಸಿರು ಕಟ್ಟಿದರೆ ಕೂಗಲು ಆಗುವುದಿಲ್ಲ. ಅವನು ಖಾಲಿ ಬುಟ್ಟಿಯನ್ನು ತಲೆಯ ಮೇಲೆ ಬೋರಲು ಹಾಕಿಕೊಳ್ಳುತ್ತಾನೆ. ಮೇಲಿನಿಂದ ಅದನ್ನು ಕಂಡವರು "ಸಾವಕಾಶ" ಎಂದು ಕೂಗಬೇಕು, ಆ ಮಾತು ಬಿದ್ದೊಡನೆ ಎಲ್ಲರೂ ಕೈ ಬಿಟ್ಟು ಅವನ ಜಾಗಕ್ಕೆ ಇನ್ನೊಬ್ಬನನ್ನು ಇಳಿಸಬೇಕು. ಕಂಡೂ ಕೂಗದವನ ಕೈಯ ನೀರು ಕುಡಿಯಬಾರದೆಂದು ಹಿರಿಯರ ಮಾತು. ಸಿಂದಗಿಯ ಬಾವಿಗಳಿಂದ ಬಾಂದ್ರಾದ ಬಿಲ್ಡಿಂಗಿಗೆ ಆ ಮಂದಿ ತಂದ ಆಸ್ತಿ ಇದೊಂದೇ. ಇಲ್ಲಿ ಮಾತ್ರ ಆ ಮಾತು ಸಾಲಿನ ಕೂಗುವವನದು, ಅವನು ಕೂಗಿದರೇ ಕೈಗಳು ನಿಲ್ಲುವುದು. ಅದಕ್ಕೆ ಆಗುವ ಖರ್ಚಾದರೂ ಎಷ್ಟು? ಕೆಲವು ಉಸಿರಿನಷ್ಟು ಹೊತ್ತು. ಅಷ್ಟರಲ್ಲಿ ಯಾವ ಸ್ಲ್ಯಾಬೂ ಒಣಗುವುದಿಲ್ಲ. ಪರಪ್ಪನ ಕಾಲದಲ್ಲಿ ಎಷ್ಟು ಸಲ ಹೀಗಾಗಿತ್ತೋ, ಸಾಹೇಬನಿಗೆ ಅದರ ಸುಳಿವೂ ಇರಲಿಲ್ಲ. ಕೂಲಿಯವನ ತಲೆಯ ಮೇಲೆ ಬುಟ್ಟಿ ಹೇಗಿದ್ದರೇನು ಎಂದುಕೊಳ್ಳುವ ಜಾತಿ ಅವನದು.

ಕೆಲಸ ಶುರುವಾಯಿತು. ಶೆಟ್ಟೆಪ್ಪ ನಾಲ್ಕನೇ ಮಾಳಿಗೆಯ ಅಂಚಿನಲ್ಲಿ ಸಾಹೇಬನ ಪಕ್ಕ ನಿಂತು ಕ್ವಿಕ್‌ನಿಂದ ಆರಂಭಿಸಿದ. ಬಿಸಿಲೇರಿದಂತೆ ಹರಿ ಅಪ್ಪಿಗೆ ಬಂದ. ಅವನ ಗಂಟಲು ಅಂದು ಕಂಚಿನಂತಿತ್ತು. ಊಟದ ಹೊತ್ತಿಗೆ ಅರ್ಧದಷ್ಟು ಸ್ಲ್ಯಾಬು ತುಂಬಿತ್ತು, ಸಾಹೇಬ ಅವನ ಬೆನ್ನು ತಟ್ಟಿ ಸಿಗರೇಟು ಕೊಟ್ಟ. ಆ ಸಿಗರೇಟನ್ನು ಶೆಟ್ಟೆಪ್ಪ ಸೇದಲಿಲ್ಲ, ಕಿವಿಗೆ ಸಿಕ್ಕಿಸಿಕೊಂಡ, ಎಲ್ಲರಿಗೂ ಕಾಣಲಿ ಎಂದು.

ಮಧ್ಯಾಹ್ನ ತಿರುಗಿದ ಮೇಲೆ ಗಾಳಿ ಬಿತ್ತು. ಸಮುದ್ರದ ಮೋಡ ಕಪ್ಪಾಗಿ ಹತ್ತಿರ ಬಂತು. ಸಾಹೇಬ ಗಡಿಯಾರ ನೋಡಿಕೊಳ್ಳತೊಡಗಿದ, ಕೈ ಜೇಬಿನಿಂದ ಹೊರಬಂತು. ಅಟ್ ಒನ್ಸ್, ಎಂದು ಕೂಗಿದ ಶೆಟ್ಟೆಪ್ಪ. ಮೇಕ್ ಇಟ್ ಸ್ನ್ಯಾಪಿ, ಎಂದು ಕೂಗಿದ. ಸಾಲು ನಡುಗುವ ಹಗ್ಗದಂತೆ ಆಡಿತು. ಕೆಳಗೆ ನೋಡಿದರೆ ಮೂಲೆಯಲ್ಲಿ ಅಣ್ಣ ಕಾಣುತ್ತಿದ್ದ. ಅವನ ಬಾಯಿ ಮೀನಿನ ಬಾಯಿಯಂತೆ ತೆರೆದು ಮುಚ್ಚಿ ಮಾಡುತ್ತಿತ್ತು. ಶೆಟ್ಟೆಪ್ಪ ಆ ಕಡೆ ನೋಡುವುದನ್ನು ಬಿಟ್ಟ. ಬಿಟ್ಟರೂ ಕಣ್ಣು ತಾನಾಗಿ ಹೋಗುತ್ತಿತ್ತು.

ಹಾಗೆ ಹೋದಾಗಲೇ ಕಂಡಿತು. ಸಾಯಬಣ್ಣ ಕೆಳಗಿಳಿಯುತ್ತಿದ್ದ ಖಾಲಿ ಘಮೇಲಾ ಒಂದನ್ನು ತಡೆದು, ಅದನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು, ಮುಖ ಮೇಲೆತ್ತಿ ತಮ್ಮನನ್ನೇ ನೋಡುತ್ತಿದ್ದ. ಸಿಮೆಂಟಿನ ನೀರು ಅವನ ಹಣೆಯ ಮೇಲೆ ಇಳಿಯುತ್ತಿತ್ತು. ಅಣ್ಣ ತಮ್ಮನ ಕಣ್ಣು ಕೂಡಿದವು. ಅನುಮಾನವೇ ಬೇಡ, ಕೂಡಿದವು. ಆ ಕ್ಷಣಕ್ಕೆ ಸಾಹೇಬ ಹ್ಯಾಟು ತೆಗೆದ.

ಸಾವಕಾಶ ಎಂಬ ಮಾತು ಶೆಟ್ಟೆಪ್ಪನ ಬಾಯೊಳಗೆ ಬಂದಿತ್ತು. ನಾಲಿಗೆಯ ಮೇಲೂ ಕೂತಿತ್ತು. ಆದರೆ ಅದನ್ನು ಹೇಳಿದರೆ ಸಾಹೇಬ ಕಾರಣ ಕೇಳುತ್ತಾನೆ, ಕಾರಣ ಅಣ್ಣ, ಮನೆಯವರನ್ನು ಮುದ್ದು ಮಾಡುವವನು ಮನೆಯಲ್ಲೇ ಇರಲಿ. ಇಷ್ಟೆಲ್ಲ ಲೆಕ್ಕ ಅವನ ತಲೆಯಲ್ಲಿ ಕಣ್ಣು ಮಿಟುಕಿಸುವುದರೊಳಗೆ ಮುಗಿಯಿತು. ದುಷ್ಟತನಕ್ಕೆ ಯಾವತ್ತೂ ಬಹಳ ಹೊತ್ತು ಬೇಕಾಗುವುದಿಲ್ಲ. ಅವನು ಅಣ್ಣನ ತಲೆಯ ಮೇಲಿನಿಂದ ದೃಷ್ಟಿ ಹಾಯಿಸಿ, ಆಚೆಯ ಸಮುದ್ರವನ್ನು ನೋಡುತ್ತ, ಎದೆ ತುಂಬ ಗಾಳಿ ಎಳೆದುಕೊಂಡು ಕೂಗಿದ.

"ಆನ್ ದ ಡಬಲ್."

ಸಾಲು ಹುಚ್ಚೆದ್ದಂತೆ ಓಡಿತು. ಕೆಳಗಿನವನು ತುಂಬಿದ ಘಮೇಲಾ ಚಾಚಿಯೇ ಬಿಟ್ಟಿದ್ದ. ಸಾಯಬಣ್ಣ ತಲೆಯ ಮೇಲಿನದನ್ನು ತೆಗೆದು ಕೆಳಗಿಟ್ಟು ಕೈ ಮುಂದೆ ಮಾಡಿದ. ತಕರಾರು ಮಾಡಲಿಲ್ಲ. ಒಂದನ್ನು ಎತ್ತಿ ಕೊಟ್ಟ, ಮತ್ತೊಂದನ್ನೂ ಕೊಟ್ಟ. ಆಮೇಲಿನದನ್ನು ಎದೆಯ ತನಕ ತಂದ, ತಲೆಯ ಮೇಲಕ್ಕೆ ಎತ್ತಿದ, ಎತ್ತಿದ್ದು ಅಲ್ಲೇ ನಿಂತಿತು. ಮೇಲಿನವನ ಕೈ ಅದಕ್ಕೆ ತಾಗುವಷ್ಟರಲ್ಲಿ ಘಮೇಲಾ ಹಿಂದಕ್ಕೆ ವಾಲಿತು. ಅದನ್ನು ಬಿಡಬಹುದಿತ್ತು. ಕೆಳಗೆ ಜನರಿದ್ದಾರೆಂದು ಬಿಡಲಿಲ್ಲವೋ, ಬಿಡುವಷ್ಟು ಅರಿವೂ ಉಳಿದಿರಲಿಲ್ಲವೋ, ಅದರ ಕೂಡ ತಾನೂ ಹೋದ.

ಮಿಕ್ಸರಿನ ಆಚೆ, ಮರಳಿನ ಗುಡ್ಡೆಯಿಂದ ಸ್ವಲ್ಪ ಈಚೆ ಬಿದ್ದ. ಮರಳಿನ ಮೇಲೆ ಬಿದ್ದಿದ್ದರೆ ಎಂದು ಆಮೇಲೆ ಹೇಳಿದವರುಂಟು. ಹೇಳುವವರಿಗೇನು. ಬಸಲಿಂಗವ್ವ ಸಲಿಕೆ ಎಸೆದು ಓಡಿದಳು. ಗಂಡನ ತಲೆಯನ್ನು ತೊಡೆಯ ಮೇಲೆ ಎತ್ತಿಕೊಂಡಾಗ ಅವನ ಮೂಗಿನಿಂದ ಬಂದ ಗಾಳಿ ಒಮ್ಮೆ ಸುಂಯ್ ಎಂದು ನಿಂತಿತು. ಅವಳು ಅಳಲಿಲ್ಲ. ಸೆರಗಿನಿಂದ ಅವನ ಹಣೆಯ ಸಿಮೆಂಟು ಒರೆಸಿದಳು, ಒರೆಸುತ್ತಲೇ ಕತ್ತೆತ್ತಿ ನಾಲ್ಕನೇ ಮಾಳಿಗೆಯನ್ನು ನೋಡಿದಳು.

ಸಾಲು ನಿಂತುಹೋಗಿತ್ತು. ಸಾಹೇಬ ಅಂಚಿಗೆ ಬಂದು ಬಗ್ಗಿ ನೋಡಿದ. ಅವನ ಮುಖವೂ ಬಿಳಿಚಿತು, ಅಷ್ಟನ್ನು ಒಪ್ಪಬೇಕು. ಆದರೆ ಅವನು ಕೈಯ ಮೇಲೆ ಬಿದ್ದ ಮಳೆಯ ಹನಿಯೊಂದನ್ನೂ ನೋಡಿದ. ಅರ್ಧ ಬಿಟ್ಟ ಸ್ಲ್ಯಾಬು ಒಂದು ಕಡೆ, ಪೂರ್ತಿ ಬಿಟ್ಟ ಪ್ರಾಣ ಇನ್ನೊಂದು ಕಡೆ. ಹೋದದ್ದು ಹೇಗೂ ಹೋಗಿದೆ ಎಂದು ತೀರ್ಮಾನಿಸಿ ಹ್ಯಾಟು ಹಾಕಿಕೊಂಡ. ಡಾಕ್ಟರಿಗೆ ಆಳು ಕಳಿಸಿದ, ಹೆಣವನ್ನು ಪಕ್ಕಕ್ಕೆ ಸರಿಸಲು ಹೇಳಿದ. ಶೆಟ್ಟೆಪ್ಪನ ಕಡೆಗೆ ತಿರುಗಿ, ದನಿ ತಗ್ಗಿಸಿ, "ಕ್ಯಾರಿ ಆನ್" ಎಂದ.

ಆಗಲಾದರೂ ಅವನು ಇಳಿದು ಓಡಬಹುದಿತ್ತು. ಒಡಹುಟ್ಟಿದವನು ನೆಲದ ಮೇಲೆ ಬಿದ್ದಿದ್ದಾನೆ. ಯಾವ ಭಾಷೆಯವನು ಇದನ್ನು ತಪ್ಪೆನ್ನುತ್ತಿದ್ದ? ಶೆಟ್ಟೆಪ್ಪ ಇಳಿಯಲಿಲ್ಲ. ಇಳಿದರೆ ಅಣ್ಣನೂ ಹೋದ, ಸೀಟಿಯೂ ಹೋಯಿತು. ಒಂದು ಹೋದದ್ದಕ್ಕೆ ಇನ್ನೊಂದನ್ನಾದರೂ ಉಳಿಸಿಕೊಳ್ಳಬೇಕೆಂದು ಆ ಹೊತ್ತಿನಲ್ಲಿ ಅವನಿಗೆ ಅನಿಸಿತು. ಹಾಗೆ ಅನಿಸಿದ್ದಕ್ಕೆ ಅವನನ್ನು ಎಷ್ಟು ಬೈದರೂ ಕಡಿಮೆಯೇ. ಗದಿಗೆಪ್ಪನನ್ನು ಮೂಲೆಗೆ ಏರಿಸಿದ. ಬಸಲಿಂಗವ್ವನ ಸಲಿಕೆ ಹನುಮವ್ವನ ಕೈಗೆ ಹೋಯಿತು. ಸ್ಲ್ಯಾಬಿಗೆ ಹೊದಿಸಲು ತಂದಿಟ್ಟಿದ್ದ ಗೋಣಿಚೀಲಗಳನ್ನು ಸಾಯಬಣ್ಣನಿಗೆ ಹೊದಿಸಿದರು. ಮೇಲಿನಿಂದ ಮತ್ತೆ ಕೂಗು ಕೇಳಿತು, ಕ್ವಿಕ್, ಕ್ವಿಕ್, ಮೊದಮೊದಲು ಒಡೆದ ದನಿಯಲ್ಲಿ, ಆಮೇಲೆ ಎಂದಿನ ದನಿಯಲ್ಲಿ.

ಮಳೆ ಬಲವಾಗುವ ಮುಂಚೆ ಸ್ಲ್ಯಾಬು ಮುಗಿಯಿತು. ಪದ್ಧತಿಯಂತೆ ಹಂಚಲು ಸಿಹಿ ಶಿರಾ ಮಾಡಿದ್ದರು, ಯಾರೂ ಮುಟ್ಟಲಿಲ್ಲ. ಸಾಹೇಬ ಪರಪ್ಪನ ಕೊರಳಿನ ಸೀಟಿ ತೆಗೆಸಿ ಶೆಟ್ಟೆಪ್ಪನ ಕೊರಳಿಗೆ ತಾನೇ ಹಾಕಿದ. ಪರಪ್ಪ ಕಟ್ಟಿದ ಗಂಟಲಿನಲ್ಲಿ ಏನೋ ಹೇಳಲು ಹೋದ, ಗಾಳಿ ಮಾತ್ರ ಬಂತು. ಪೊಲೀಸಿನವನು ಬಂದು ಕೇಳಿದಾಗ ಹೊಸ ಮುಕಾದಮ ಉತ್ತರ ಕೊಟ್ಟ: ಕಾಲು ಜಾರಿತು. ಸಾಲಿನವರೆಲ್ಲ ಹೌದೆಂದು ತಲೆಯಾಡಿಸಿದರು. ಅವರಿಗೆ ಮರುದಿನವೂ ಅನ್ನ ಬೇಕಿತ್ತು.

ಮಣ್ಣು ಮಾಡಿ ಬಂದ ದಿನದಿಂದ ಶೆಟ್ಟೆಪ್ಪ ಬೈಗುಳಕ್ಕೆ ಕಾದ. ವೈನಿ ಎದೆ ಬಡಿದುಕೊಳ್ಳಲಿ, ಕೊರಳ ಪಟ್ಟಿ ಹಿಡಿಯಲಿ, ಉಗುಳಲಿ ಎಂದು ಕಾದ. ಬಸಲಿಂಗವ್ವ ಎಂದಿನಂತೆ ರೊಟ್ಟಿ ಬಡಿದಳು, ಎಂದಿನಂತೆ ಅವನ ತಟ್ಟೆಗೆ ಮೊದಲು ಹಾಕಿದಳು. ನೀರನ್ನು ಮಾತ್ರ ಅವಳು ತಾನೇ ತುಂಬಿಕೊಂಡು ಕುಡಿದಳು, ಅವನು ತುಂಬಿಟ್ಟ ಕೊಡವನ್ನು ಮುಟ್ಟಲಿಲ್ಲ. ಅಷ್ಟರಿಂದ ಅವನಿಗೆ ಗೊತ್ತಾಯಿತು. ತಾನು ಕಂಡದ್ದನ್ನು ಅವಳು ಕಂಡಿದ್ದಳು.

ಗಂಡನ ದಿನಕರ್ಮ ಮುಗಿಸಿ ಅವಳು ಕೆಲಸಕ್ಕೆ ಬಂದ ದಿನವೇ ಐದನೇ ಮಾಳಿಗೆಯ ಸ್ಲ್ಯಾಬು. ಮಳೆ ಒಂದೆರಡು ದಿನ ಬಿಡುವು ಕೊಟ್ಟಿತ್ತು. ಶೆಟ್ಟೆಪ್ಪ ಎಲ್ಲರಿಗಿಂತ ಮುಂಚೆ ಅವಳ ಬಳಿಗೆ ಹೋಗಿ ತಲೆ ತಗ್ಗಿಸಿ ನಿಂತ.

"ವೈನಿ, ನೀವು ಭಾರ ಹೊರಬ್ಯಾಡ್ರಿ. ಕೆಳಗಿನ ಮಾಳಿಗಿಗೆ ನೀರ ಹೊಡಿರಿ. ನೆಳ್ಳಾಗ ಇರ್ರಿ."

"ಅದನ್ನ ನಿಮ್ಮಣ್ಣಗ ಕೊಡಬೇಕಾಗಿತ್ತು," ಎಂದಳು ಬಸಲಿಂಗವ್ವ. ಸೀರೆಯ ಕಚ್ಚೆ ಬಿಗಿದು, ತಲೆಗೆ ಸಿಂಬೆ ಸುತ್ತಿಕೊಂಡು, ಅಟ್ಟಣಿಗೆ ಹತ್ತಿ ಮೂಲೆಯಲ್ಲಿ ಹೋಗಿ ನಿಂತಳು.

ಶೆಟ್ಟೆಪ್ಪ ಹಿಂದೆಯೇ ಹತ್ತಿದ. ಇಳಿಯಿರಿ ಎಂದ, ಕೈ ಮುಗಿದ. ಸಾಲಿನವರು ತಮ್ಮ ತಮ್ಮ ಜಾಗದಲ್ಲಿ ನಿಂತು ತಮಗೆ ಸಂಬಂಧವಿಲ್ಲದವರಂತೆ ಬೇರೆ ಕಡೆ ನೋಡುತ್ತಿದ್ದರು, ಕಿವಿ ಮಾತ್ರ ಇತ್ತ ಇದ್ದವು. ಬಸಲಿಂಗವ್ವ ದನಿ ಎತ್ತಲಿಲ್ಲ.

"ಒಂದ್ ಮಾತು ಕೇಳ್ತೀನಿ, ಹೇಳು. ಅವತ್ತು ಕಡೀಕ ಏನೋ ಕೂಗಿದೆಲ್ಲಾ, ಅದರ ಅರ್ಥ ಏನು?"

"ಲಗೂ ಅಂತ, ವೈನಿ."

"ಅಷ್ಟಾ? ಹಂಗಿದ್ರ ಲಗೂ ಅಂತನ ಅನಬೇಕಾಗಿತ್ತು. ನೀ ಅಣ್ಣಾ ಲಗೂ ಅಂದಿದ್ರ ನಿಮ್ಮಣ್ಣ ನಿನಗ ಬೈತಿದ್ದ. ಯಾರಿಗಂತೀಲೇ, ನನ್ನ ಜೀವ ಹೊಂಟೈತಿ, ನಿಂದ್ರಸೋ ಅಂತಿದ್ದ. ಬೈದು ಬದುಕತಿದ್ದ. ನೀ ಸಾಹೇಬನ ಬಾಯಿಲೆ ಕೂಗಿದಿ. ಸಾಹೇಬಗ ಎದುರಾಡೂದು ಅವಗ ಗೊತ್ತಿರಲಿಲ್ಲ."

ಶೆಟ್ಟೆಪ್ಪ ಕೊರಳ ಸೀಟಿಯನ್ನು ಅಂಗಿಯೊಳಗೆ ಸರಿಸಿಕೊಂಡ.

"ಇವತ್ತು ನಾ ನಿಂತೀನಿ," ಎಂದಳು ಅವಳು. "ನಿನ್ನ ಬಾಯಾಗ ತುತ್ತು ಇಟ್ಟಾಕಿ ನಾ. ನನಗ ಆ ಇಂಗ್ಲಿಷು ಬ್ಯಾಡ. ನಮ್ಮ ಮಾತಿನಾಗ ಹೇಳು. ನನ್ನ ಮಾರಿ ನೋಡಿ, ವೈನಿ ಲಗೂ ಮಾಡ್ರಿ ಅಂತ ಹೇಳು. ನೀ ಹೇಳಿದ್ರ ನಾ ಓಡತೀನಿ."

ಕೆಳಗೆ ಮಿಕ್ಸರು ತಿರುಗತೊಡಗಿತ್ತು. ತೆಂಗಿನಕಾಯಿ ಒಡೆದ ಸಪ್ಪಳ ಬಂತು. ಮೇಲಿನ ಮಾಳಿಗೆಯಿಂದ ಸಾಹೇಬ ಬಗ್ಗಿ ನೋಡಿ, ಬೆತ್ತದಿಂದ ಬಿದಿರಿಗೆ ಬಡಿದು, ಏನು ತಡ ಎಂದು ಕೇಳಿದ. ತುಂಬಿದ ಮೊದಲ ಘಮೇಲಾ ಕೈಯಿಂದ ಕೈಗೆ ಮೇಲೇರಿ ಬಂದು ಬಸಲಿಂಗವ್ವನ ಕೈ ಸೇರಿತು. ಅವಳು ಅದನ್ನು ಎದೆಗಾನಿಸಿ ಹಿಡಿದುಕೊಂಡು, ಎತ್ತದೆ, ಮೈದುನನ ಬಾಯಿಯನ್ನೇ ನೋಡುತ್ತ ನಿಂತಳು. ಸಾಲೂ ಕಾಯುತ್ತ ನಿಂತಿತು.

ಶೆಟ್ಟೆಪ್ಪ ಬಾಯಿ ತೆರೆದ. ವೈ ಎಂಬ ಅಕ್ಷರದಷ್ಟು ದನಿ ಹೊರಟಿತು. ಸಾಹೇಬ ಇನ್ನೊಮ್ಮೆ ಬೆತ್ತ ಬಡಿದ. ಶೆಟ್ಟೆಪ್ಪ ಕೊರಳಲ್ಲಿ ತಡಕಿ, ಸೀಟಿಯನ್ನು ಹಲ್ಲಿಗೆ ಕಚ್ಚಿಕೊಂಡು, ಕಣ್ಣು ಮುಚ್ಚಿ ಊದಿದ. ಬಸಲಿಂಗವ್ವ ಭಾರವನ್ನು ತಲೆಯ ಮೇಲಕ್ಕೆ ಎತ್ತಿ ಕೊಟ್ಟಳು, ಇನ್ನೊಂದಕ್ಕೆ ಕೈ ಚಾಚಿದಳು.